‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಬೇಡವೆಂದ ಸುಬ್ರಹ್ಮಣ್ಯಂ

ಯುದ್ಧದ ಸುದ್ದಿ ಬಂದರೆ ಸಾಕು, ಹೋಟೆಲಿನ ಪ್ರತಿ ಟೇಬಲಿನಲ್ಲೂ ಒಬ್ಬೊಬ್ಬ ಜನರಲ್ ಹುಟ್ಟಿಕೊಳ್ತಾನೆ. ಬೈ-ಟೂ ಕಾಫಿ ಮುಗಿಯುವುದರೊಳಗೆ ಲಾಹೋರ್ ನಮ್ಮ ಕೈಗೆ ಬಂದಿರುತ್ತದೆ! ಗುಂಡಿನ ಸದ್ದು ನಿಂತ ಮಾರನೇ ದಿನ ಎಲ್ಲರೂ ಅವರವರ ಕೆಲಸಕ್ಕೆ. ಆದರೆ ಯುದ್ಧವೇ ಇಲ್ಲದ ದಿನಗಳಲ್ಲಿ ಕೂತು ಯುದ್ಧದ ಬಗ್ಗೆ ತಲೆ ಕೆಡಿಸಿಕೊಂಡ ಒಬ್ಬ ಮನುಷ್ಯ ಈ ದೇಶದಲ್ಲಿದ್ದರು. ಹೆಸರು ಕೆ. ಸುಬ್ರಹ್ಮಣ್ಯಂ.

ಮಿಲಿಟರಿಯವರಲ್ಲ. 1929ರಲ್ಲಿ ತಿರುಚಿರಾಪಳ್ಳಿಯಲ್ಲಿ ಹುಟ್ಟಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ, 1951ರಲ್ಲಿ ಐಎಎಸ್ ಸೇರಿದವರು. ಬೇರೆಯವರಾಗಿದ್ದರೆ ಕಡತಕ್ಕೆ ಸಹಿ ಹಾಕುತ್ತಾ ಪಿಂಚಣಿಯ ದಾರಿ ನೋಡುತ್ತಿದ್ದರೋ ಏನೋ. ಇವರು 1966ರಲ್ಲಿ ಲಂಡನ್ನಿಗೆ ಹೋಗಿ ಯುದ್ಧತಂತ್ರದ ಅಧ್ಯಯನ ಮಾಡಿ ಬಂದರು. 1968ರಲ್ಲಿ ದಿಲ್ಲಿಯ ರಕ್ಷಣಾ ಅಧ್ಯಯನ ಸಂಸ್ಥೆಯ ನಿರ್ದೇಶಕರಾದರು. 1962ರಲ್ಲಿ ಚೀನಾದ ಕೈಯಲ್ಲಿ ತಿಂದ ಪೆಟ್ಟಿನ ನೋವು ಮಾಸದಿದ್ದಾಗ, 1965ರಲ್ಲಿ ಶುರುವಾಗಿದ್ದ ಸಂಸ್ಥೆ ಅದು.

ಬಾಯಿ ಕಟ್ಟದ ಅಧಿಕಾರಿ

1971ರ ಮಾರ್ಚ್ ಕೊನೆ. ಪೂರ್ವ ಪಾಕಿಸ್ತಾನದಲ್ಲಿ ರಕ್ತ ಹರಿಯುತ್ತಿತ್ತು. ಪಾಕಿಸ್ತಾನ ಒಡೆಯುವುದು ಭಾರತದ ಹಿತಕ್ಕೇ ಒಳ್ಳೆಯದು, ಇಂಥ ಅವಕಾಶ ಮತ್ತೆ ಬಾರದು ಎಂದು ಸುಬ್ರಹ್ಮಣ್ಯಂ ಬಹಿರಂಗವಾಗಿಯೇ ಹೇಳಿಬಿಟ್ಟರು. ‘ಭಾರತದ ಪಿತೂರಿಗೆ ಇದೇ ಸಾಕ್ಷಿ’ ಅಂತ ಪಾಕಿಸ್ತಾನ ಆ ಮಾತನ್ನು ವರ್ಷಗಟ್ಟಲೆ ಎತ್ತಿ ತೋರಿಸಿತು. ಡಿಸೆಂಬರಿನಲ್ಲಿ ಬಾಂಗ್ಲಾದೇಶ ಹುಟ್ಟಿತು.

ಮುಂದೆ ಜಂಟಿ ಗುಪ್ತಚರ ಸಮಿತಿಯ ಅಧ್ಯಕ್ಷರಾದರು, ರಕ್ಷಣಾ ಉತ್ಪಾದನಾ ಇಲಾಖೆಯ ಕಾರ್ಯದರ್ಶಿಯಾದರು. 1980ರಲ್ಲಿ ಇಂದಿರಾ ಗಾಂಧಿ ಮತ್ತೆ ಅಧಿಕಾರಕ್ಕೆ ಬಂದಾಗ ಆ ಹುದ್ದೆಯಿಂದ ಮೊದಲು ತೆಗೆದದ್ದು ತಂದೆಯವರನ್ನೇ ಎಂದು ಮಗ ಎಸ್. ಜೈಶಂಕರ್ ಹೇಳಿದ್ದಾರೆ. ಸುಬ್ರಹ್ಮಣ್ಯಂ ಹಳೇ ಸಂಸ್ಥೆಗೇ ವಾಪಸ್ ಹೋಗಿ 1987ರವರೆಗೆ ಮತ್ತೆ ಅದನ್ನೇ ನಡೆಸಿದರು. ಕುರ್ಚಿ ಹೋಯಿತು, ಕೆಲಸ ನಿಲ್ಲಲಿಲ್ಲ.

1984ರ ಆಗಸ್ಟ್ 24ರಂದು ಶ್ರೀನಗರಕ್ಕೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ಅಪಹರಿಸಿ ಲಾಹೋರ್, ಕರಾಚಿ, ದುಬೈ ಅಂತ ಸುತ್ತಿಸಿದರಲ್ಲ, ಅದರಲ್ಲಿ ಇವರೂ ಸಿಕ್ಕಿಬಿದ್ದಿದ್ದರು. ಅಪಹರಣ ನಿಭಾಯಿಸುತ್ತಿದ್ದ ತಂಡದಲ್ಲಿ ಆಗಿನ್ನೂ ಯುವ ಅಧಿಕಾರಿಯಾಗಿದ್ದ ಜೈಶಂಕರ್ ಇದ್ದರು. ಒಳಗಿರುವುದು ತಮ್ಮ ತಂದೆ ಅಂತ ಅವರಿಗೆ ಗೊತ್ತಾದದ್ದು ಕೆಲವು ಗಂಟೆ ಕಳೆದ ಮೇಲೆ! ಪ್ರಯಾಣಿಕರು ದುಬೈನಲ್ಲಿ ಬಿಡುಗಡೆಯಾದರು. ಮಗ 2019ರಲ್ಲಿ ವಿದೇಶಾಂಗ ಸಚಿವರಾದರು.

ಬಾಂಬು ಇರುವುದು ಹಾಕುವುದಕ್ಕಲ್ಲ

ಅಣುಬಾಂಬು ಬೇಕು ಎಂದು ದಶಕಗಳ ಕಾಲ ವಾದಿಸಿದ ಸುಬ್ರಹ್ಮಣ್ಯಂ ಅವರನ್ನು ಯುದ್ಧಪ್ರಿಯ ಅಂದವರು ಕಡಿಮೆಯಿಲ್ಲ. ಆದರೆ ಅವರ ವಾದದ ಇನ್ನರ್ಧವನ್ನು ಕೇಳಿಸಿಕೊಂಡವರು ಕಡಿಮೆ. ಅಣುಬಾಂಬು ಯುದ್ಧ ಗೆಲ್ಲುವ ಆಯುಧವಲ್ಲ; ಎದುರಾಳಿ ತನ್ನ ಬಾಂಬು ಹಾಕದಂತೆ ತಡೆಯುವುದಷ್ಟೇ ಅದರ ಕೆಲಸ. ಅದಕ್ಕೆ ರಾಶಿ ರಾಶಿ ಬಾಂಬು ಬೇಕಿಲ್ಲ, ಪೆಟ್ಟು ತಿಂದ ಮೇಲೂ ತಿರುಗಿ ಹೊಡೆಯುವಷ್ಟು ಉಳಿದರೆ ಸಾಕು. 1998ರ ಪೋಖರಣ್ ಸ್ಫೋಟಗಳಾದ ಮೇಲೆ ಅವರ ಮುಂದಾಳುತನದ ಸಲಹಾ ಮಂಡಳಿ 1999ರ ಆಗಸ್ಟಿನಲ್ಲಿ ಕೊಟ್ಟ ಕರಡು ನೀತಿಯಲ್ಲೂ ಇದೇ ಇತ್ತು: ನಾವಾಗಿ ಮೊದಲು ಹಾಕುವುದಿಲ್ಲ. 2003ರಲ್ಲಿ ಸರಕಾರ ಪ್ರಕಟಿಸಿದ ನೀತಿಯಲ್ಲೂ ಆ ಮಾತು ಉಳಿಯಿತು.

ಕಾರ್ಗಿಲ್ ಲೆಕ್ಕ

1999ರ ಮೇ ತಿಂಗಳಲ್ಲಿ ಕಾರ್ಗಿಲ್ ಬೆಟ್ಟಗಳ ಮೇಲೆ ಪಾಕಿಸ್ತಾನದವರು ಬಂದು ಕೂತದ್ದನ್ನು ಮೊದಲು ಕಂಡದ್ದು ಕುರಿ ಕಾಯುವವರು. ದಿಲ್ಲಿಯ ದೊಡ್ಡ ದೊಡ್ಡ ಕಚೇರಿಗಳಲ್ಲ! ಬೆಟ್ಟಗಳನ್ನು ವಾಪಸ್ ಪಡೆಯುವಷ್ಟರಲ್ಲಿ 527 ಯೋಧರು ಸತ್ತಿದ್ದರು. ಕರ್ನಾಟಕದ ಊರುಗಳಿಗೂ ಧ್ವಜ ಹೊದಿಸಿದ ಪೆಟ್ಟಿಗೆಗಳು ಬಂದವು.

ಯುದ್ಧ ಮುಗಿದ ಮೂರನೇ ದಿನ ಸರಕಾರ ಸಮಿತಿ ನೇಮಿಸಿತು. ಅಧ್ಯಕ್ಷರು ಸುಬ್ರಹ್ಮಣ್ಯಂ, ವಯಸ್ಸು ಎಪ್ಪತ್ತು. ಸಮಿತಿ ಅಂದರೆ ವರ್ಷಗಟ್ಟಲೆ ಎಳೆಯುವುದು ಅನ್ನುವುದು ವಾಡಿಕೆ. ಇವರು ಡಿಸೆಂಬರ್ ಹೊತ್ತಿಗೆ ವರದಿ ಮುಗಿಸಿಬಿಟ್ಟರು. 2000ದ ಫೆಬ್ರವರಿಯಲ್ಲಿ ಅದು ಸಂಸತ್ತಿನ ಮುಂದೆ ಬಂತು, ಕೆಲವು ಭಾಗಗಳನ್ನು ಭದ್ರತೆಯ ಹೆಸರಲ್ಲಿ ತೆಗೆದು.

ವರದಿಯ ಸಾರ ಹಳ್ಳಿಯವರಿಗೂ ಅರ್ಥವಾಗುವಂಥದ್ದು. ಚೂರುಪಾರು ಮಾಹಿತಿ ಹಲವರ ಹತ್ತಿರ ಇತ್ತು, ಒಂದು ಕಡೆ ಕೂಡಿಸಿ ನೋಡುವವರು ಇರಲಿಲ್ಲ. 1947ರಲ್ಲಿ ಬ್ರಿಟಿಷರು ಹಾಕಿಕೊಟ್ಟ ರಕ್ಷಣಾ ವ್ಯವಸ್ಥೆಯನ್ನೇ 52 ವರ್ಷ ಹೆಚ್ಚುಕಡಿಮೆ ಹಾಗೇ ಎಳೆದುಕೊಂಡು ಬಂದಿದ್ದೆವು. ತಪ್ಪಿತಸ್ಥರ ಹೆಸರು ಹೇಳಲಿಲ್ಲ ಎಂಬ ಟೀಕೆ ಬಂತು. ಮಗನನ್ನು ಕಳೆದುಕೊಂಡ ಮನೆಯವರು ‘ಯಾರು ಕಾರಣ?’ ಅಂತ ಕೇಳಿದರೆ ತಪ್ಪೇನೂ ಅಲ್ಲ. ಆದರೆ ಸಮಿತಿಗೆ ಒಪ್ಪಿಸಿದ್ದ ಕೆಲಸ, ಏನಾಯಿತು, ಮುಂದೆ ಆಗದಂತೆ ಏನು ಮಾಡಬೇಕು ಎಂದು ಹೇಳುವುದು.

ಹೇಳಿದ್ದೇನೋ ಆಯಿತು, ಮಾಡಿದ್ದು ಎಷ್ಟು? ಈ ವರದಿಯ ಬೆನ್ನಿಗೇ ಕೂತ ಸಚಿವರ ತಂಡ, ಮೂರೂ ಪಡೆಗಳಿಗೆ ಸೇರಿ ಒಬ್ಬ ರಕ್ಷಣಾ ಮುಖ್ಯಸ್ಥ ಬೇಕು ಎಂದದ್ದು 2001ರಲ್ಲಿ. ಮೊದಲ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಆ ಕುರ್ಚಿಯಲ್ಲಿ ಕೂತದ್ದು 2020ರ ಜನವರಿ 1ರಂದು! ಅದನ್ನು ನೋಡಲು ಸುಬ್ರಹ್ಮಣ್ಯಂ ಇರಲಿಲ್ಲ. 2011ರ ಫೆಬ್ರವರಿ 2ರಂದು ತೀರಿಕೊಂಡಿದ್ದರು.

1999ರಲ್ಲೇ ಪದ್ಮಭೂಷಣ ಬಂದಿತ್ತು. ಅಧಿಕಾರಿಗಳು, ಪತ್ರಕರ್ತರು ಸರಕಾರದ ಬಿರುದು ತಗೊಳ್ಳಬಾರದು ಎಂದು ಬೇಡವೆಂದರು. ಬಿರುದನ್ನು ಅವರು ಬೇಡವೆಂದರು, ಬುದ್ಧಿಮಾತನ್ನು ಸರಕಾರಗಳು ಇಪ್ಪತ್ತು ವರ್ಷ ಕಾಯಿಸಿದವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಚಾಳಿ ನಮ್ಮದು. ಅದರ ಬೆಲೆ ತೆರುವವನು ಮಾತ್ರ ಕಚೇರಿಯಲ್ಲಿ ಕೂತವನಲ್ಲ, ಬೆಟ್ಟ ಹತ್ತುವ ಸಿಪಾಯಿ.