ಮಾರಿಕುಪ್ಪಂ: ಮಾವನ ಜೊತೆ ಎರಡು ದಿನದ ನಡಿಗೆ

"ಕೆಜಿಎಫ್ ನೋಡ್ಬೇಕು" ಅಂತ ಮಗ ಹಟ ಹಿಡಿದಾಗಲೆಲ್ಲ ನಮ್ಮ ಮಾವನದು ಒಂದೇ ಉತ್ತರ: "ಅಲ್ಲೇನಿದೆ ಕಣ್ಣಾ ನೋಡೋಕೆ? ಬರೀ ಮಣ್ಣು."

ಮಗನಿಗೆ ಗೊತ್ತಿದ್ದದ್ದು 2018ರಲ್ಲಿ ಬಂದ ಸಿನಿಮಾದ ಕೆಜಿಎಫ್. ಮಾವನಿಗೆ ಗೊತ್ತಿದ್ದದ್ದು ಇಪ್ಪತ್ತೇಳು ವರ್ಷ ಗಣಿಯೊಳಗೆ ಇಳಿದು ಹತ್ತಿದ ಊರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಅವರು ಬೆಂಗಳೂರಿಗೆ ಬಂದು ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಾಚ್‌ಮನ್ ಆದರು. ನಾನು ತುಮಕೂರಿನ ಕಡೆಯವಳು. ತಮಿಳು ಮಾತಾಡುವ ಈ ಮನೆಗೆ ಸೊಸೆಯಾಗಿ ಬಂದು ಹದಿನಾಲ್ಕು ವರ್ಷವಾಯಿತು, ಒಮ್ಮೆಯೂ ಆ ಊರು ನೋಡಿರಲಿಲ್ಲ. ಅತ್ತೆ ಇದ್ದಾಗ ವರ್ಷಕ್ಕೊಮ್ಮೆ ಅವರಿಬ್ಬರೇ ಹೋಗಿ ಬರುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ಅದೂ ನಿಂತಿತು.

ಕಳೆದ ಡಿಸೆಂಬರಿನಲ್ಲಿ ನಾನೇ ಧೈರ್ಯ ಮಾಡಿ ಕೇಳಿದೆ: "ಮಾವ, ನಿಮಗೋಸ್ಕರ ಅಲ್ಲ, ಇವನಿಗೋಸ್ಕರ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ರೈಲಲ್ಲಿ ಹೋಗೋದಾದ್ರೆ ಬರ್ತೀನಿ" ಅಂದರು.

ಅದೇ ಸರಿಯಾದ ದಾರಿ ಅಂತ ಆಮೇಲೆ ಗೊತ್ತಾಯಿತು. ಬೆಂಗಳೂರಿನಿಂದ ಬಂಗಾರಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರಿನಿಂದ ಒಂದು ಕಾಲಕ್ಕೆ ಇದು ಬೌರಿಂಗ್‌ಪೇಟೆ. ಅಲ್ಲಿಂದ ಕವಲೊಡೆದ ಸುಮಾರು 16 ಕಿಲೋಮೀಟರಿನ ಹಳಿ 1894ರಲ್ಲಿ ಗಣಿಗಾಗಿಯೇ ಹಾಕಿದ್ದು. ಕೋರಮಂಡಲ್, ಊರಿಗಾಂ, ಚಾಂಪಿಯನ್ ಸ್ಟೇಷನ್‌ಗಳು ಒಂದಾದ ಮೇಲೊಂದು ಬರುತ್ತವೆ, ಎಲ್ಲಾ ಗಣಿಗಳ ಹೆಸರೇ. ಕೊನೆಯದು ಮಾರಿಕುಪ್ಪಂ. ಅಲ್ಲಿಂದ ಮುಂದಕ್ಕೆ ಹಳಿಯಿಲ್ಲ. ಎದುರಿನಿಂದ ಬೆಂಗಳೂರಿಗೆ ಹೊರಟ ರೈಲು ಬಾಗಿಲವರೆಗೂ ತುಂಬಿತ್ತು. "ಆಗ ಬೇರೆ ಊರವರು ಕೆಲಸಕ್ಕೆ ಇಲ್ಲಿಗೆ ಬರೋರು. ಈಗ ನಮ್ಮೂರೇ ದಿನಾ ಕೆಲಸಕ್ಕೆ ಹೊರಗೆ ಹೋಗುತ್ತೆ" ಅಂದರು ಮಾವ.

ಮಾರಿಕುಪ್ಪಂ ಹೆಸರು ಚಿನ್ನದ ಚರಿತ್ರೆಯಲ್ಲಿ ಬ್ರಿಟಿಷ್ ಕಂಪನಿಗಳಿಗಿಂತ ಹಳೆಯದು. 1802ರಲ್ಲಿ ಮೈಸೂರಿನ ಪೂರ್ವದ ಗಡಿ ಅಳೆಯಲು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ ಚಿನ್ನದ ಸುದ್ದಿ ಕೇಳಿ ಈ ಹಳ್ಳಿಗಳಿಗೆ ಬಂದ. ಇಲ್ಲಿನವರು ಆಗಲೇ ಗುಂಡಿ ತೋಡಿ ಕಲ್ಲು ತೆಗೆಯುತ್ತಿದ್ದರು. ಬುಟ್ಟಿಯಲ್ಲಿ ಕೈಯಿಂದ ಕೈಗೆ ಕಲ್ಲು ಮೇಲೆ ಬರುತ್ತಿತ್ತು, ಹೆಂಗಸರು ಅದನ್ನು ಕುಟ್ಟಿ ಪುಡಿ ಮಾಡುತ್ತಿದ್ದರು, ಆಮೇಲೆ ನೀರಲ್ಲಿ ತೊಳೆದು ಚಿನ್ನದ ಕಣ ಆರಿಸುತ್ತಿದ್ದರು. ವಾರೆನ್ ಬರೆದಿಟ್ಟದ್ದನ್ನು ಓದಿಯೇ ಎಪ್ಪತ್ತು ವರ್ಷದ ನಂತರ ಲವೆಲ್ ಎಂಬ ನಿವೃತ್ತ ಐರಿಷ್ ಸಿಪಾಯಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. ಅಲ್ಲಿಂದ ಸುಮಾರು 120 ವರ್ಷದಲ್ಲಿ ಈ ನೆಲದಿಂದ ಹೋದ ಚಿನ್ನ 800 ಟನ್ನಿನಷ್ಟು.

ಸ್ಟೇಷನ್ನಿನಿಂದ ಹೊರಬಂದು ನಡೆಯತೊಡಗಿದೆವು. ಮಾವ ಮುಂದೆ, ನಾವು ಹಿಂದೆ. ಮೊದಲು ಸಿಕ್ಕಿದ್ದು 'ಲೈನು'ಗಳು, ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳು. ಒಂದು ಮನೆಯ ಗೋಡೆಯೇ ಪಕ್ಕದ ಮನೆಯ ಗೋಡೆ. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದ ದಲಿತ ಕುಟುಂಬಗಳೇ ಇಲ್ಲಿ ಹೆಚ್ಚು. ಅಯೋತಿದಾಸ ಪಂಡಿತರ ಬೌದ್ಧ ಚಳವಳಿ ಮದರಾಸಿನಿಂದ ಇಲ್ಲಿಗೆ ಬಂದು, ಇಪ್ಪತ್ತನೇ ಶತಮಾನದ ಶುರುವಿನಲ್ಲೇ ಮಾರಿಕುಪ್ಪಂನಲ್ಲಿ ಅದರ ಶಾಖೆ ಇತ್ತು. ದಿನವಿಡೀ ನೆಲದಡಿ ದುಡಿದವರು ಸಂಜೆ ಕೂತು ಪತ್ರಿಕೆ ಓದಿಸಿ ಕೇಳುತ್ತಿದ್ದ ಊರು ಇದು. "ನಮ್ಮಪ್ಪನಿಗೆ ಓದೋಕೆ ಬರ್ತಿರಲಿಲ್ಲ, ಆದ್ರೆ ಎಲ್ಲಾ ಗೊತ್ತಿತ್ತು" ಅಂದರು ಮಾವ. ಸಿನಿಮಾದಲ್ಲಿ ಇದೆಲ್ಲ ಎಲ್ಲಿ ಬಂತು!

ಲೈನು ದಾಟಿದರೆ ಶಾಫ್ಟ್‌ಗಳ ಕಬ್ಬಿಣದ ಗೋಪುರ ಕಾಣುತ್ತದೆ. ಹೆಡ್‌ಗೇರ್ ಅನ್ನುತ್ತಾರೆ. ಅದರ ತುದಿಯ ಚಕ್ರದ ಮೇಲೆ ಹಗ್ಗ ಓಡಿ ಕೇಜ್ ಕೆಳಗಿಳಿಯುತ್ತಿತ್ತು. ಒಳಗೆ ಬಿಡುವುದಿಲ್ಲ, ರಸ್ತೆಯಿಂದಲೇ ನೋಡಬೇಕು. ಚಾಂಪಿಯನ್ ರೀಫ್ಸ್ ಗಣಿ 3 ಕಿಲೋಮೀಟರಿಗಿಂತ ಆಳ, ಪ್ರಪಂಚದ ಅತಿ ಆಳದ ಚಿನ್ನದ ಗಣಿಗಳಲ್ಲೊಂದು. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಮೇಲಿನ ಭಾರಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಹಳಬರು ಅದನ್ನು 'ಏರ್‌ಬ್ಲಾಸ್ಟ್' ಅನ್ನುತ್ತಾರೆ.

"ತಾತ, ಭಯ ಆಗ್ತಿರಲಿಲ್ವಾ?" ಅಂದ ಮಗ.

"ಕೆಳಗಿದ್ದಾಗ ಕೆಲಸ ಇರುತ್ತೆ, ಭಯಕ್ಕೆ ಟೈಮ್ ಇರಲ್ಲ. ಭಯ ಎಲ್ಲಾ ನಿಮ್ಮ ಪಾಟಿಗೆ. ಮನೇಲಿ ಪಾತ್ರೆ ಅಲುಗಾಡಿದ್ರೆ ಸಾಕು, ಬಾಗಿಲಿಗೆ ಓಡಿ ಬರೋಳು."

ಅದೇ ಆಳದಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. ಬಾಹ್ಯಾಕಾಶದ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸಣ್ಣ ಕಣವನ್ನು ಹಿಡಿಯಬೇಕಾದರೆ ಬೇರೆ ಯಾವ ಕಣವೂ ತಲುಪದ ಜಾಗ ಬೇಕು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ 1965ರಲ್ಲಿ ಚಾಂಪಿಯನ್ ರೀಫ್ಸ್‌ನ ಒಳಗೆ ಅದರ ಗುರುತು ಹಿಡಿದರು. ಪ್ರಪಂಚದಲ್ಲೇ ಅಂಥ ಮೊದಲ ಪ್ರಯೋಗಗಳಲ್ಲಿ ಅದೊಂದು. ಮಗ ಹೆಡ್‌ಗೇರನ್ನು ಇನ್ನೊಮ್ಮೆ ತಲೆಯೆತ್ತಿ ನೋಡಿದ.

ಅವನಿಗೆ ನಿಜವಾಗಿ ಬೇಕಿದ್ದದ್ದು ಸೈನೈಡ್ ದಿಬ್ಬ ಹತ್ತಿ ಒಂದು ರೀಲ್ಸ್. ಅದಿರನ್ನು ಹಿಟ್ಟಿನಂತೆ ಪುಡಿ ಮಾಡಿ ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣನ್ನು ನೂರು ವರ್ಷ ಸುರಿದು ಸುರಿದು ಆದ ಗುಡ್ಡಗಳಿವು. ದೂರಕ್ಕೆ ಮರಳುಗಾಡಿನ ಬೆಟ್ಟದ ಹಾಗೆ ಚೆಂದ. ಮಾವ ಕೈ ಹಿಡಿದು ನಿಲ್ಲಿಸಿದರು. ಮಳೆ ಕೊರೆದ ಕೊರಕಲುಗಳು ಯಾವಾಗ ಕುಸಿಯುತ್ತವೋ ಗೊತ್ತಾಗುವುದಿಲ್ಲ. ಗಾಳಿ ಎದ್ದರೆ ಆ ಧೂಳು ಊರೊಳಗೆಲ್ಲ ಹಾರುತ್ತದೆ. "ನಿನಗೆ ಫೋಟೋ, ಇವರಿಗೆ ಕೆಮ್ಮು" ಅಂದರು. ದೂರದಿಂದಲೇ ಫೋಟೋ ತೆಗೆದುಕೊಂಡೆವು.

ಮಧ್ಯಾಹ್ನ ಮಾವ ಒಂದು ಲೈನಿನ ಮುಂದೆ ನಿಂತರು. ಮೂರನೇ ಬಾಗಿಲು. ಹತ್ತಿರ ಹೋಗಲಿಲ್ಲ. ಒಳಗಿನಿಂದ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದು, ನನ್ನ ಕೈಯಲ್ಲಿದ್ದ ನೋಟ್‌ಬುಕ್ಕನ್ನೂ ಮಗನ ಮೊಬೈಲನ್ನೂ ನೋಡಿ, "ಯಾರ್ ವೇಣುಂ?" ಅಂದರು. ಆಮೇಲೆ ಕನ್ನಡದಲ್ಲೇ, "ಅಳತೆಗೆ ಬಂದ್ರಾ? ಮನೆ ಕೇಳೋಕೆ ಬಂದ್ರಾ?"

ನನಗೆ ನಾಲಿಗೆ ಒಣಗಿತು. ನಾವು ಊರು ನೋಡಲು ಬಂದವರು. ಅವರಿಗೆ ಬಾಗಿಲಿಗೆ ಬಂದ ಪ್ರತಿ ಅಪರಿಚಿತರೂ ಮನೆ ಬಿಡಿಸಲು ಬಂದವರೇ. ಗಂಡ ದುಡಿದ ಗಣಿ ಹೋಯಿತು, ವರ್ಷಗಟ್ಟಲೆ ಇದ್ದ ಮನೆಗೆ ಇನ್ನೂ ಕೈಯಲ್ಲಿ ಪತ್ರವಿಲ್ಲ.

"ಇಲ್ಲಮ್ಮಾ. ನಾವೂ ಇದೇ ಲೈನಲ್ಲಿ ಇದ್ದೋರು. ನೋಡ್ಕೊಂಡು ಹೋಗೋಣ ಅಂತ ಬಂದ್ವಿ" ಅಂದರು ಮಾವ. ಯಾವ ಶಾಫ್ಟ್, ಯಾವ ಶಿಫ್ಟ್, ಯಾರ ಮಗ ಅಂತ ಇಬ್ಬರೂ ತಮಿಳಿನಲ್ಲಿ ಐದು ನಿಮಿಷ ಮಾತಾಡಿದ್ದೇ ತಡ, ಟೀ ಬಂತು. ಹಿತ್ತಿಲ ಮೂಲೆಯಲ್ಲಿ ನೆಲದೊಳಗೆ ಅರ್ಧ ಹೂತ ರುಬ್ಬುವ ಕಲ್ಲಿತ್ತು. ಮಾವ ಅದನ್ನೇ ನೋಡುತ್ತಿದ್ದರು. ಬೆಂಗಳೂರಿಗೆ ಬರುವಾಗ ಲಾರಿಗೆ ಹೇರಲಾಗದೆ ಅತ್ತೆ ಬಿಟ್ಟು ಬಂದ ಕಲ್ಲು. "ಕರೆಂಟ್ ಹೋದಾಗ ಇದ್ರಲ್ಲೇ ರುಬ್ಬೋದು. ನಿಮ್ದಾ? ಬೇಕಿದ್ರೆ ತಗೊಂಡು ಹೋಗಿ" ಅಂದರು ಆಕೆ. "ಬೇಡಮ್ಮಾ, ಅಲ್ಲೇ ಇರ್ಲಿ. ನೀವು ರುಬ್ತಿದ್ದೀರಲ್ಲ" ಅಂತ ಹೇಳಿ ಮಾವ ಕಣ್ಣೊರೆಸಿಕೊಂಡರು. ಅತ್ತೆ ಹೋದಾಗಲೂ ಅವರು ನಮ್ಮೆದುರಿಗೆ ಅತ್ತಿರಲಿಲ್ಲ.

ಸಂಜೆ ಆಟೋದಲ್ಲಿ ಊರಿಗಾಂ ಕಡೆ ಹೋದೆವು. ಇಲ್ಲಿ ಇಂಗ್ಲಿಷರ ಬಂಗಲೆಗಳು, ಕ್ಲಬ್, ಚರ್ಚು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ತಂದದ್ದು ಈ ಗಣಿಗಳಿಗೆ. ಬೆಂಗಳೂರಿನ ಬೀದಿದೀಪ ಹೊತ್ತಿದ್ದು ಅದಾಗಿ ಮೂರು ವರ್ಷಕ್ಕೆ. ಗಣಿಯ ಊರಿಗೆ ನೀರು ಬಂದದ್ದು ಬೇತಮಂಗಲದ ಪಾಲಾರ್ ಕೆರೆಯಿಂದ.

ಮರುದಿನ ಆ ಕೆರೆ ಏರಿಯ ಮೇಲೂ ನಡೆದೆವು. ಶಾಸನಗಳಲ್ಲಿ ಈ ಊರು ವಿಜಯಾದಿತ್ಯಮಂಗಲ. ದಾರಿಯಲ್ಲಿ ಪೆದ್ದಪಲ್ಲಿ ಬಳಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದ ಬಂಡೆಗಳಿವೆ. ಸುಮಾರು 270 ಕೋಟಿ ವರ್ಷದ ಹಿಂದೆ ಜ್ವಾಲಾಮುಖಿ ಎಸೆದ ಕಲ್ಲುಚೂರುಗಳು ಬೂದಿಯ ಜೊತೆ ಬೆಸೆದುಕೊಂಡಿರುವುದು ಕಣ್ಣಿಗೇ ಕಾಣುತ್ತದೆ. ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ 108 ಅಡಿಯ ಲಿಂಗಕ್ಕೆ ಕೈಮುಗಿದು ವಾಪಸಾದೆವು.

ಹೋಗುವವರಿಗೆ ನಾಲ್ಕು ಮಾತು. ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್. ರೈಲಿನ ಸಮಯ ಮೊದಲೇ ನೋಡಿಕೊಳ್ಳಿ. ನವೆಂಬರಿನಿಂದ ಫೆಬ್ರವರಿ ನಡೆಯಲು ಹಿತ. ನೀರು, ಟೋಪಿ, ಮೂಗಿಗೊಂದು ಮಾಸ್ಕ್ ಇರಲಿ. ಬೇಲಿ ಹಾಕಿದ ಶಾಫ್ಟಿನ ಹತ್ತಿರ ಮಕ್ಕಳನ್ನು ಬಿಡಬೇಡಿ, ದಿಬ್ಬ ಹತ್ತಬೇಡಿ. ಎಲ್ಲಕ್ಕಿಂತ ಮುಖ್ಯ, ಲೈನುಗಳಲ್ಲಿ ಕೇಳದೆ ಮೊಬೈಲ್ ಎತ್ತಬೇಡಿ. ಮೊದಲು ನಮಸ್ಕಾರ ಹೇಳಿ, ಯಾಕೆ ಬಂದಿದ್ದೀರಿ ಅಂತ ತಿಳಿಸಿ. ಇಲ್ಲಿನ ಗಣಿ ಮುಚ್ಚಿದೆ, ಮನೆಗಳಲ್ಲಿ ಜನ ಇದ್ದಾರೆ.

ನಿಮ್ಮ ಮನೆಯಲ್ಲೂ ಅಲ್ಲಿ ದುಡಿದ ಹಿರಿಯರಿದ್ದರೆ ಅವರನ್ನು ಕರೆದುಕೊಂಡೇ ಹೋಗಿ. ಅವರು ಬೇಡ ಅಂದರೂ ಇನ್ನೊಂದು ಸಲ ಕೇಳಿ.

ಮೊನ್ನೆ ಮಾವ ಕ್ಯಾಲೆಂಡರ್ ತಿರುವಿ ಹಾಕುತ್ತಿದ್ದರು. "ಏನಮ್ಮಾ, ಪೊಂಗಲ್‌ಗೆ ಆ ಮನೆಯವರು ಕರೆದಿದ್ದಾರೆ. ನಿನಗೆ ರಜಾ ಸಿಗುತ್ತಾ?"