ಗಣಕ ಬದಲಾದರೆ ಕನ್ನಡವೇಕೆ ಕೆಡುತ್ತದೆ?

ಕೊಪ್ಪಳ: ಗಂಗಾವತಿಯ ಡಿಟಿಪಿ ಅಂಗಡಿಯಲ್ಲಿ ಸಿದ್ಧಪಡಿಸಿದ ಕನ್ನಡ ಕಡತವನ್ನು ಪೆನ್ ಡ್ರೈವ್‌ನಲ್ಲಿ ಕುಷ್ಟಗಿಗೆ ಒಯ್ದು ಬೇರೊಂದು ಗಣಕದಲ್ಲಿ ತೆರೆದರೆ, ಅಕ್ಷರಗಳ ಜಾಗದಲ್ಲಿ ಅರ್ಥವಾಗದ ಚಿಹ್ನೆಗಳ ಸಾಲು ಕಾಣಿಸಬಹುದು. ವೈರಸ್ ತಗುಲಿದೆ ಎಂದು ಕೆಲವರು ಹೇಳಿದರೆ, ವಿಂಡೋಸ್ ಸರಿಯಿಲ್ಲ, ಲಿನಕ್ಸ್‌ನಲ್ಲಿ ಕನ್ನಡ ಬರುವುದಿಲ್ಲ ಎಂದು ಇನ್ನು ಕೆಲವರು ದೂರುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ತಪ್ಪು ಕಾರ್ಯಾಚರಣಾ ವ್ಯವಸ್ಥೆಯದಲ್ಲ. ಕಡತದೊಳಗೆ ಅಕ್ಷರಗಳನ್ನು ಇಟ್ಟಿರುವ ಬಗೆಯದು.

ಈ ಪ್ರಶ್ನೆಗೆ ಈಗ ತುರ್ತು ಬಂದಿದೆ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಳವಡಿಸಲಾಗದ ಹಳೆಯ ಗಣಕಗಳ ಮಾಲೀಕರು ಹೊಸ ಯಂತ್ರ ಕೊಳ್ಳಬೇಕು, ಇಲ್ಲವೇ ಲಿನಕ್ಸ್‌ಗೆ ಹೋಗಬೇಕು. ಯಾವ ದಾರಿ ಹಿಡಿದರೂ ಹಳೆಯ ಕಡತಗಳ ಗತಿಯೇನು ಎಂಬುದನ್ನು ಮೊದಲು ಯೋಚಿಸಬೇಕಾಗುತ್ತದೆ.

ವೇಷ ತೊಟ್ಟ ಅಕ್ಷರ

ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆ ರಚನೆಯಾದದ್ದು 1997ರಲ್ಲಿ. ‘ಬರಹ’ ತಂತ್ರಾಂಶ ಹೊರಬಂದದ್ದು 1998ರಲ್ಲಿ. ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳನ್ನು ಪ್ರವೇಶಿಸಿತು. ಜಿಲ್ಲೆಯೂ ಜನಬಳಕೆಯ ಕನ್ನಡ ತಂತ್ರಾಂಶಗಳೂ ಒಂದೇ ವಯಸ್ಸಿನವು ಎನ್ನಬಹುದು.

ಆ ಕಾಲದ ತಂತ್ರಾಂಶಗಳು ಒಂದು ಉಪಾಯ ಮಾಡಿದ್ದವು. ಇಂಗ್ಲಿಷ್ ಹಾಗೂ ಯುರೋಪಿನ ಲಿಪಿಗಳಿಗೆ ಮೀಸಲಾದ ಸಂಖ್ಯೆಗಳಿಗೆ ಫಾಂಟ್‌ನಲ್ಲಿ ಕನ್ನಡ ಅಕ್ಷರಗಳ ಚೂರುಗಳನ್ನು ತೊಡಿಸಲಾಗಿತ್ತು. ಗಣಕದ ಪಾಲಿಗೆ ಒಳಗಿರುವುದು ಕನ್ನಡವೇ ಅಲ್ಲ. ನುಡಿ ಫಾಂಟ್ ಇಲ್ಲದ ಗಣಕದಲ್ಲಿ ‘ಕನ್ನಡ’ ಎಂಬ ಪದ ಇಂಗ್ಲಿಷಿನ ‘ಪಿ’ಯಿಂದ ಆರಂಭವಾಗುತ್ತದೆ; ‘ನ’ಕಾರದ ಜಾಗದಲ್ಲಿ ಪೌಂಡ್ ಹಣದ ಚಿಹ್ನೆ ಬಂದು ಕೂರುತ್ತದೆ. ‘ಗಂಗಾವತಿ’ಯ ಮೊದಲ ಅಕ್ಷರ ‘ಯು’ ಆಗುತ್ತದೆ.

ಯುನಿಕೋಡ್‌ನಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಆದ ಸಂಖ್ಯೆಯಿದೆ. ‘ಯಲಬುರ್ಗಾ’ ಎಂಬ ಹೆಸರನ್ನೇ ನೋಡಿ. ನುಡಿಯ ಹಳೆಯ ಪದ್ಧತಿಯಲ್ಲಿ ‘ಯ’ ಒಂದೇ ನಾಲ್ಕು ಚೂರುಗಳ ಜೋಡಣೆ. ಅರ್ಕಾವತ್ತು ‘ಗಾ’ ಆದ ಮೇಲೆ ಬರುತ್ತದೆ. ಯುನಿಕೋಡ್‌ನಲ್ಲಿ ನಾವು ಉಚ್ಚರಿಸುವ ಕ್ರಮದಲ್ಲೇ ‘ರ’ ಮೊದಲು, ‘ಗ’ ಅನಂತರ. ಆದ್ದರಿಂದಲೇ ಇಂದು ಯುನಿಕೋಡ್‌ನಲ್ಲಿ ‘ಯಲಬುರ್ಗಾ’ ಎಂದು ಟೈಪಿಸಿ ಹಳೆಯ ಕಡತದಲ್ಲಿ ಹುಡುಕಿದರೆ, ಹೆಸರು ಕಣ್ಣೆದುರಿಗೇ ಇದ್ದರೂ ಗಣಕಕ್ಕೆ ಸಿಗುವುದಿಲ್ಲ.

ಯಾವುದರಲ್ಲಿ ಎಷ್ಟು ಸುಲಭ?

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಯುನಿಕೋಡ್ ಫಾಂಟ್ ಇತ್ತು. ಆದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಭಾರತೀಯ ಲಿಪಿಗಳ ಸೌಲಭ್ಯವನ್ನು ಪ್ರತ್ಯೇಕವಾಗಿ ಚಾಲೂ ಮಾಡಬೇಕಿತ್ತು. ಅದಕ್ಕೆ ಮೂಲ ಸಿಡಿಯೂ ಬೇಕಾಗುತ್ತಿತ್ತು. ಸಿಡಿ ಇಲ್ಲದವರಿಗೆ ಹಳೆಯ ಫಾಂಟ್‌ಗಳೇ ಗತಿಯಾದವು. ವಿಸ್ತಾದಿಂದೀಚೆಗೆ ಈ ತೊಡಕಿಲ್ಲ. ವಿಂಡೋಸ್‌ನ ಮೂಲ ಕನ್ನಡ ಕೀಲಿಮಣೆ ಇನ್‌ಸ್ಕ್ರಿಪ್ಟ್ ವಿನ್ಯಾಸದ್ದು. 2019ರಲ್ಲಿ ಧ್ವನ್ಯಾನುಸಾರಿ ಕೀಲಿಮಣೆಯೂ ಸೇರಿತು. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಗೆ ಕೈ ಪಳಗಿದವರು ಮಾತ್ರ ನುಡಿ ಅಥವಾ ಬರಹವನ್ನು ಹಾಕಿಕೊಳ್ಳಬೇಕು.

ಲಿನಕ್ಸ್‌ನಲ್ಲಿ ನುಡಿ ನೇರವಾಗಿ ನಡೆಯುವುದಿಲ್ಲ ಎಂಬುದು ನಿಜ. ಆದರೆ ಅದೇ ಕೆ.ಪಿ. ರಾವ್ ವಿನ್ಯಾಸ ‘ಐಬಸ್’ ವ್ಯವಸ್ಥೆಯ ಮೂಲಕ ಉಚಿತವಾಗಿ ದೊರೆಯುತ್ತದೆ. ‘ಲೋಹಿತ್’ನಂಥ ಕನ್ನಡ ಫಾಂಟ್‌ಗಳಿವೆ. ಈಗಿನ ಮ್ಯಾಕ್‌ಗಳಲ್ಲಿ ಕನ್ನಡ ಫಾಂಟ್, ಕೀಲಿಮಣೆ ಎರಡೂ ಅಡಕವಾಗಿವೆ. ಮೊಬೈಲ್‌ಗಳು ಬಳಸುವುದೂ ಯುನಿಕೋಡ್ ಅನ್ನೇ. ಹೊಸ ಬರವಣಿಗೆಯ ಮಟ್ಟಿಗೆ ಈ ವ್ಯವಸ್ಥೆಗಳ ನಡುವಿನ ಅಂತರ ಕಿರಿದಾಗಿದೆ. ಉಳಿದಿರುವುದು ಹಳೆಯ ಗಂಟಿನ ಪ್ರಶ್ನೆ.

ಮುದ್ರಣದವರು ಹಳೆಯದನ್ನು ಬಿಡದಿರುವುದಕ್ಕೂ ಕಾರಣವಿದೆ. ಡಿಟಿಪಿಯವರು ನೆಚ್ಚಿಕೊಂಡಿದ್ದ ಪೇಜ್‌ಮೇಕರ್‌ಗೆ ಯುನಿಕೋಡ್ ತಿಳಿಯದು. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದರಲ್ಲಿ ಲಗ್ನಪತ್ರಿಕೆ, ಕರಪತ್ರ ಮಾಡುವವರಿಗೆ ಯುನಿಕೋಡ್‌ಗೆ ಬರುವುದೆಂದರೆ ತಂತ್ರಾಂಶವನ್ನೇ ಬದಲಿಸುವುದು.

ಈಗ ಮಾಡಬೇಕಾದದ್ದು

ಹಳೆಯ ಗಣಕ ಇನ್ನೂ ನಡೆಯುತ್ತಿರುವಾಗಲೇ ಕೆಲಸ ಮುಗಿಸುವುದು ಜಾಣತನ. ಮೊದಲು ಎಲ್ಲ ಕಡತಗಳ ಪ್ರತಿಯನ್ನು, ಬಳಸಿದ ಫಾಂಟ್‌ಗಳ ಸಮೇತ, ಬೇರೆ ಡಿಸ್ಕ್‌ಗೆ ತೆಗೆದಿಡಿ. ಮುಖ್ಯವಾದವನ್ನು ಪಿಡಿಎಫ್ ಮಾಡಿಕೊಳ್ಳಿ. ಫಾಂಟ್ ಅದರೊಳಗೇ ಸೇರಿರುವುದರಿಂದ ಎಲ್ಲಿ ತೆರೆದರೂ ಓದಬಹುದು. ಆದರೆ ಹುಡುಕಲು, ತಿದ್ದಲು ಪಿಡಿಎಫ್ ಸಾಲದು. ಅದಕ್ಕೆ ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸಲೇಬೇಕು. ನುಡಿ, ಬರಹ ಎರಡರಲ್ಲೂ ಪರಿವರ್ತಕಗಳಿವೆ. ಯಾವ ಫಾಂಟ್‌ನಲ್ಲಿ ಬರೆದದ್ದು ಎಂಬುದನ್ನು ಸರಿಯಾಗಿ ಗುರುತಿಸದಿದ್ದರೆ ಫಲಿತಾಂಶ ಅಸ್ತವ್ಯಸ್ತವಾಗುತ್ತದೆ.

ಪರಿವರ್ತಿಸಿದ ಬಳಿಕ ಒಮ್ಮೆ ಓದಿ ನೋಡುವುದನ್ನು ಮರೆಯಬಾರದು. ಕನ್ನಡದ ನಡುವೆ ಬಂದ ಇಂಗ್ಲಿಷ್ ಹೆಸರು, ಮಿಂಚಂಚೆ ವಿಳಾಸಗಳನ್ನೂ ಪರಿವರ್ತಕ ಕನ್ನಡವೆಂದೇ ಬಗೆದು ಕೆಡಿಸುವುದುಂಟು. ‘ರ್’ ಕಾರದ ಒತ್ತಕ್ಷರಗಳಲ್ಲೂ ಎಡವಟ್ಟಾಗಬಹುದು. ಸಂಘದ ಸದಸ್ಯರ ಪಟ್ಟಿಯಲ್ಲೋ ಶಾಲೆಯ ದಾಖಲೆಯಲ್ಲೋ ಒಂದು ಹೆಸರು ತಪ್ಪಿದರೆ ಅದರ ತೊಂದರೆ ಗಣಕಕ್ಕಲ್ಲ, ಆ ಹೆಸರಿನವರಿಗೆ.

ಕಾರ್ಯಾಚರಣಾ ವ್ಯವಸ್ಥೆಯ ಆಯ್ಕೆ ಅವರವರ ಜೇಬು, ಅಭ್ಯಾಸಗಳಿಗೆ ಬಿಟ್ಟದ್ದು. ಯುನಿಕೋಡ್‌ನಲ್ಲಿರುವ ಕಡತ ಯಾವುದಕ್ಕೆ ಹೋದರೂ ಕನ್ನಡವಾಗಿಯೇ ತೆರೆದುಕೊಳ್ಳುತ್ತದೆ. ಇನ್ನೂ ಹಳೆಯ ಪದ್ಧತಿಯಲ್ಲಿರುವುದು ಮಾತ್ರ ಅದನ್ನು ಬರೆದ ಗಣಕ ಕೆಟ್ಟ ದಿನ ಓದುಗರಿಲ್ಲದ ದಾಖಲೆಯಾಗುತ್ತದೆ.