ಮೊಬೈಲೋ ಟ್ಯಾಬೋ: ಕೈಯಲ್ಲಿರುವ ಗಾಜಿಗೆ ಏನೆನ್ನೋಣ?

ಬಿ.ಸಿ.ರೋಡಿನಿಂದ ಹೊರಟು ಬೆಳ್ತಂಗಡಿ ಪೇಟೆ ಸುತ್ತಿ, ತಿರುಗಿ ಗುರುವಾಯನಕೆರೆಗೆ ಬಂದು, ವೇಣೂರಿನ ದಾರಿಯಾಗಿ ಮೂಡುಬಿದಿರೆ ಸೇರುವವರೆಗೆ ರಸ್ತೆಬದಿಯ ಬೋರ್ಡುಗಳನ್ನು ಓದುತ್ತಾ ಹೋಗಿ. ಬಟ್ಟೆಗೆ ಮಳಿಗೆ ಉಂಟು, ಚಿನ್ನಕ್ಕೆ ಆಭರಣ ಮಳಿಗೆ ಉಂಟು, ಅಡಿಕೆಗೆ ಖರೀದಿ ಕೇಂದ್ರ ಉಂಟು. ಮೊಬೈಲ್ ಅಂಗಡಿಯ ಎದುರು ಬಂದಾಗ ಮಾತ್ರ ಕನ್ನಡದ ಲಿಪಿ ಇದ್ದೂ ಕನ್ನಡ ಇರುವುದಿಲ್ಲ: ‘ಮೊಬೈಲ್ಸ್, ಟ್ಯಾಬ್ಲೆಟ್ಸ್ ಆ್ಯಂಡ್ ಆ್ಯಕ್ಸೆಸರೀಸ್’. ಇದರಲ್ಲಿ ನನ್ನ ಕೈವಾಡವೂ ಇದೆ, ಏಕೆಂದರೆ ಬೋರ್ಡು ಬರೆಯುವುದೇ ನನ್ನ ಕಸುಬು. ಎನಾಮಲ್ ಡಬ್ಬಿ, ಚಪ್ಪಟೆ ಬ್ರಶ್ ಹಿಡಿದು ಶುರುಮಾಡಿದವನು ನಾನು. ಈಗ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಫ್ಲೆಕ್ಸಿಗೂ ಅಕ್ರಿಲಿಕ್ಕಿಗೂ ಕಳಿಸುತ್ತೇನೆ. ಜೊತೆಗೆ ಬಿಲ್‌ಬುಕ್ಕು, ಜಾತ್ರೆಯ ಆಮಂತ್ರಣ, ಶಾಲೆ–ದೇವಸ್ಥಾನಗಳ ಸೂಚನಾ ಫಲಕ.

2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಬಂದು, ಅಂಗಡಿಯ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು ಆಯಿತು. ನಮ್ಮಂಥವರಿಗೆ ಕೈತುಂಬ ಕೆಲಸ. ಆದರೆ ಗಿರಾಕಿ ಕೇಳುವುದು ಲಿಪಿಯನ್ನು ಮಾತ್ರ. “ಇಂಗ್ಲಿಷಿನಲ್ಲಿ ಉಂಟಲ್ಲ, ಅದನ್ನೇ ಕನ್ನಡದಲ್ಲಿ ಹಾಕಿ ಮಾರಾಯ್ರೆ” ಅನ್ನುತ್ತಾರೆ. ಅಂಗಡಿಯ ಮಟ್ಟಿಗೆ ಅದರಿಂದ ತೊಂದರೆಯೂ ಇಲ್ಲ. ಮೊಬೈಲ್ ಎಂದರೆ ಏನೆಂದು ಈ ದಾರಿಯ ಮೂರು ತಾಲೂಕುಗಳಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ತುಳುವಿನಲ್ಲೂ ಅದೇ, ಕೊಂಕಣಿಯಲ್ಲೂ ಅದೇ, ಬ್ಯಾರಿಯಲ್ಲೂ ಅದೇ.

ಹೆಸರಿನ ತೊಂದರೆ ಹುಟ್ಟುವುದು ಮಾರುವ ಕಡೆಯಲ್ಲಲ್ಲ, ನಿಷೇಧಿಸುವ ಕಡೆ. ಒಂದು ಶಾಲೆಯವರು ಪರೀಕ್ಷಾ ಕೊಠಡಿಯ ಹೊರಗೆ ಹಾಕಲು ‘ಮೊಬೈಲ್ ತರಬಾರದು’ ಎಂದು ಬರೆಸಿಕೊಂಡು ಹೋದರು. ಮರುವರ್ಷ ಅದರ ಕೆಳಗೆ ‘ಟ್ಯಾಬ್’ ಸೇರಿತು, ಆಮೇಲೆ ‘ಸ್ಮಾರ್ಟ್‌ವಾಚ್’. ಬೋರ್ಡಿನಲ್ಲಿ ಜಾಗ ಮುಗಿದಾಗ ‘ಇತ್ಯಾದಿ’ ಎಂದು ಹಾಕಿ ಕೈತೊಳೆದುಕೊಂಡೆವು. ಇನ್ನೊಂದು ದೇವಸ್ಥಾನದಲ್ಲಿ ‘ಒಳಾಂಗಣದಲ್ಲಿ ಮೊಬೈಲ್ ನಿಷೇಧ’ ಎಂಬ ನನ್ನದೇ ಬೋರ್ಡಿನ ಎದುರು ಒಬ್ಬರು ಅಂಗೈಗಿಂತ ದೊಡ್ಡದೊಂದನ್ನು ಎರಡೂ ಕೈಯಲ್ಲಿ ಎತ್ತಿ ಉತ್ಸವಬಲಿಯ ವಿಡಿಯೋ ಮಾಡುತ್ತಿದ್ದರು. ಮೊಕ್ತೇಸರರು ತಡೆದದ್ದಕ್ಕೆ, “ಇದು ಮೊಬೈಲ್ ಅಲ್ಲ, ಟ್ಯಾಬ್. ಇದರಲ್ಲಿ ಸಿಮ್ಮೇ ಇಲ್ಲ” ಎಂದು ವಾದ. ಮಾತಿನಲ್ಲಿ ತಪ್ಪಿರಲಿಲ್ಲ. ಆ ಬೋರ್ಡನ್ನು ತೆಗೆಸಿ ‘ಎಲೆಕ್ಟ್ರಾನಿಕ್ ಉಪಕರಣಗಳಿಗೆ ಪ್ರವೇಶವಿಲ್ಲ’ ಎಂದು ಬರೆಸಿದರು. ಕಿವಿಗೆ ಯಂತ್ರ ಹಾಕಿಕೊಂಡ ಅಜ್ಜರೊಬ್ಬರು ಅದನ್ನು ಓದಿ, “ನಾನೂ ಹೊರಗೆ ನಿಲ್ಲಬೇಕಾ?” ಎಂದು ಕೇಳಿದರು. ಒಂದು ಪದ ತೀರ ಚಿಕ್ಕದು, ಇನ್ನೊಂದು ತೀರ ದೊಡ್ಡದು. ನಡುವಿನ ಅಳತೆಯ ಪದ ನಮ್ಮಲ್ಲಿಲ್ಲ.

ಸರಕಾರದ ತೆರಿಗೆ ಪಟ್ಟಿಯಲ್ಲೂ ಈ ಗೊಂದಲ ಬಗೆಹರಿದಿಲ್ಲ. ಮೊಬೈಲ್ ಅಂಗಡಿಗಳಿಗೆ ಬಿಲ್‌ಬುಕ್ ಮುದ್ರಿಸುವಾಗ ಸರಕಿನ ಎಚ್‌ಎಸ್‌ಎನ್ ಸಂಖ್ಯೆಗೆ ಒಂದು ಕಾಲಂ ಬಿಡುತ್ತೇವೆ. ಮೊಬೈಲಿಗೆ ಅಲ್ಲಿ 8517, ಅಂದರೆ ಟೆಲಿಫೋನುಗಳ ಗುಂಪು. ಟ್ಯಾಬಿಗೆ 8471, ಅಂದರೆ ಲ್ಯಾಪ್‌ಟಾಪ್, ಕಂಪ್ಯೂಟರುಗಳ ಗುಂಪು. ಒಂದೇ ಕಂಪನಿಯ ಒಂದೇ ಬಗೆಯ ಗಾಜು, ಒಂದೇ ಬಗೆಯ ಆ್ಯಪುಗಳು, ಬೆರಳಿನ ಕೆಲಸವೂ ಒಂದೇ. ಅಳತೆ ನಾಲ್ಕು ಇಂಚು ಹೆಚ್ಚಾದದ್ದಕ್ಕೆ ಕುಲವೇ ಬೇರೆ.

ಹಾಗಾದರೆ ಇವುಗಳನ್ನು ಒಂದೇ ಮನೆಯವರನ್ನಾಗಿ ಮಾಡುವುದು ಯಾವುದು? ನನ್ನ ಲೆಕ್ಕದಲ್ಲಿ ಎರಡು ಗುಣ. ಕೈಯಲ್ಲಿ ಹಿಡಿದೋ ಕೈಗೆ ಕಟ್ಟಿಯೋ ಒಯ್ಯಬಹುದು ಎಂಬುದು ಒಂದು. ತೋರಿಸುವ ಜಾಗ ಮತ್ತು ಮುಟ್ಟುವ ಜಾಗ ಒಂದೇ ಎಂಬುದು ಇನ್ನೊಂದು. ಬಸ್ ಕಂಡಕ್ಟರರ ಹಳೆಯ ಟಿಕೆಟ್ ಮಿಶಿನಿನಲ್ಲಿ ನೋಡುವುದು ಮೇಲೆ, ಒತ್ತುವುದು ಕೆಳಗಿನ ಗುಂಡಿಗಳನ್ನು. ಹೊಸತರಲ್ಲಿ ಗುಂಡಿಯೂ ಚಿತ್ರವೇ.

ಈ ಮುಟ್ಟುವ ಗಾಜು ಕೆಲಸ ಮಾಡುವ ರೀತಿ ನಮ್ಮ ಮಳೆಗಾಲದಲ್ಲಿ ಚೆನ್ನಾಗಿ ತಿಳಿಯುತ್ತದೆ. ಗಾಜಿನ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ, ವಿದ್ಯುತ್ ಹರಿಯಬಲ್ಲ ಲೇಪದ ಗೆರೆಗಳು ಇರುತ್ತವೆ. ನಮ್ಮ ಮೈಯಲ್ಲೂ ವಿದ್ಯುತ್ ಹರಿಯುತ್ತದೆ. ಬೆರಳು ತಾಗಿದ ಕಡೆ ವಿದ್ಯುದಂಶ ಚೂರು ಏರುಪೇರಾಗುತ್ತದೆ, ಒಳಗಿನ ಚಿಪ್ ಆ ಬಿಂದುವನ್ನು ಲೆಕ್ಕ ಹಾಕುತ್ತದೆ. ಉಗುರಿನ ತುದಿಯಿಂದಲೋ ಒಣ ಕಡ್ಡಿಯಿಂದಲೋ ತಟ್ಟಿದರೆ ಗೊತ್ತಾಗದಿರುವುದು ಇದರಿಂದಲೇ. ಆಟಿಯ ಮಳೆಯಲ್ಲಿ ಕೊಡೆಯಿಂದ ನಾಲ್ಕು ಹನಿ ಬಿದ್ದರೆ ಪರದೆ ತನ್ನಷ್ಟಕ್ಕೆ ಓಡಿ ಯಾರಿಗೋ ಫೋನ್ ಹೋಗುವುದೂ ಇದರಿಂದಲೇ: ನೀರೂ ಬೆರಳಿನಂತೆ ತೋರುತ್ತದೆ. ಇಂಗ್ಲೆಂಡಿನ ಮಾಲ್ವರ್ನಿನಲ್ಲಿ ಇ.ಎ. ಜಾನ್ಸನ್ 1965ರಲ್ಲೇ ಇಂಥ ಪರದೆಯ ವಿಚಾರ ಬರೆದಿದ್ದರು. ಆಗ ಅವರ ಮನಸ್ಸಿನಲ್ಲಿದ್ದದ್ದು ವಿಮಾನ ಸಂಚಾರ ನಿಯಂತ್ರಣ.

ಮುಟ್ಟುವ ಪರದೆ ಕೈಗೆ ಬಂದ ಮೇಲೆ ಹೆಸರುಗಳ ಸಂತೆ. 1992ರಲ್ಲಿ ಆ್ಯಪಲ್ ಮುಖ್ಯಸ್ಥ ಜಾನ್ ಸ್ಕಲಿ ‘ಪರ್ಸನಲ್ ಡಿಜಿಟಲ್ ಅಸಿಸ್ಟೆಂಟ್’ ಎಂದರು. ಪಿಡಿಎ ಎಂದು ಕುಗ್ಗಿದ ಆ ಹೆಸರು ಇಂದಿನ ಕಾಲೇಜು ಮಕ್ಕಳಿಗೆ ಗೊತ್ತೇ ಇಲ್ಲ. 1994ರಲ್ಲಿ ಐಬಿಎಂನ ಸೈಮನ್ ಮಾರುಕಟ್ಟೆಗೆ ಬಂತು. ಮುಟ್ಟುವ ಪರದೆಯ ಫೋನುಗಳಲ್ಲಿ ಅದೇ ಹಿರಿಯ. 2007ರಲ್ಲಿ ಐಫೋನ್, 2010ರಲ್ಲಿ ಐಪ್ಯಾಡ್, 2011ರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳಿಗಾಗಿ ಬಂದ ಅಗ್ಗದ ‘ಆಕಾಶ್’. ಫೋನೂ ಟ್ಯಾಬೂ ಹತ್ತಿರ ಹತ್ತಿರ ಬಂದಾಗ ‘ಫ್ಯಾಬ್ಲೆಟ್’ ಎಂಬ ಕಸಿ ಪದವನ್ನೂ ಮಾಡಿದರು. ಎಲ್ಲ ಫೋನುಗಳೂ ದೊಡ್ಡದಾದ ಮೇಲೆ ಅದಕ್ಕೆ ಕೆಲಸವಿಲ್ಲದಾಯಿತು.

ಈ ಸಾಲಿನಲ್ಲಿ ಕರ್ನಾಟಕದ್ದೇ ಒಂದು ಹೆಸರು ಇತ್ತೆಂಬುದನ್ನು ನಾವು ಮರೆತಿದ್ದೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ ಚಂದ್ರು, ಸ್ವಾಮಿ ಮನೋಹರ್ ಮೊದಲಾದವರು ಎನ್ಕೋರ್ ಸಾಫ್ಟ್‌ವೇರ್ ಕಂಪನಿಯವರ ಜೊತೆ ಸೇರಿ ಮಾಡಿದ ‘ಸಿಂಪ್ಯೂಟರ್’. 2001ರಲ್ಲಿ ಅದರ ಮಾದರಿ ಹೊರಬಂತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜೊತೆ ಸೇರಿ ಪಿಕೋಪೆಟಾ ಕಂಪನಿಯವರು ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರಿದರು. ಅಂಗೈಯಗಲದ ಯಂತ್ರ, ಪ್ಲಾಸ್ಟಿಕ್ ಕಡ್ಡಿಯಿಂದ ಒತ್ತುವ ಬೇರೆ ಬಗೆಯ ಪರದೆ, ಅದರಲ್ಲಿ ಕನ್ನಡ. ಕರ್ನಾಟಕದ ಭೂದಾಖಲೆಯ ಕೆಲಸಕ್ಕೂ ಅದನ್ನು ಬಳಸಿದರು. ಸರಳ, ಅಗ್ಗ, ಬಹುಭಾಷೆಯ ಜನರ ಕಂಪ್ಯೂಟರು ಎಂಬ ಆಶಯದ ಇಂಗ್ಲಿಷ್ ಅಕ್ಷರಗಳನ್ನು ಜೋಡಿಸಿ ಇಟ್ಟ ಹೆಸರು ಅದು. ಯಂತ್ರ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ, ಅದರ ಜೊತೆ ಹೆಸರೂ ಹೋಯಿತು.

ಕನ್ನಡದವರು ಸುಮ್ಮನೆ ಕೂತಿಲ್ಲ. ಸಂಚಾರಿ ದೂರವಾಣಿ, ಚರವಾಣಿ, ಜಂಗಮವಾಣಿ ಎಂದು ಸಂಸ್ಕೃತದ ಕಡೆಯಿಂದ ಬಂದವು. ಅಚ್ಚಗನ್ನಡದ ಕಡೆಯವರು ‘ಅಲೆಯುಲಿ’ ಎಂದರು. ಆಮಂತ್ರಣ ಪತ್ರಿಕೆಯಲ್ಲಿ ‘ಚರವಾಣಿ’ ಎಂದು ನಾನೇ ಎಷ್ಟೋ ಬಾರಿ ಹಾಕಿದ್ದೇನೆ. ಓದಲು ಚಂದ. ಆದರೆ ವಾಣಿಯಾಗಲಿ ಉಲಿಯಾಗಲಿ, ಎರಡೂ ಮಾತಿಗೆ ಕಟ್ಟಿದ ಹೆಸರು. ಈಗಿನ ಈ ಯಂತ್ರದಲ್ಲಿ ಮಾತು ಹತ್ತರಲ್ಲಿ ಒಂದು ಕೆಲಸ. ಅಡಿಕೆ ಧಾರಣೆ ನೋಡುವುದು, ಬೆಳೆ ಸಮೀಕ್ಷೆಗೆ ತೋಟದ ಫೋಟೋ ಹಾಕುವುದು, ರಾತ್ರಿಯಿಡೀ ಯಕ್ಷಗಾನ ನೋಡುವುದು, ಅಂಗಡಿಗೆ ದುಡ್ಡು ಕಳಿಸುವುದು, ಇವು ಯಾವುದೂ ‘ವಾಣಿ’ಯಲ್ಲ. ಸಿಮ್ಮಿಲ್ಲದ ಟ್ಯಾಬನ್ನು ಚರವಾಣಿ ಎಂದರೆ ಆ ದೇವಸ್ಥಾನದ ವಾದ ಪುನಃ ಶುರು.

‘ವಾಣಿ’ ಗೆದ್ದ ಕಾಲವೂ ಇತ್ತು. 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಮನೆಯಿಂದಲೇ ನಡೆಸಿದ ಬಾನುಲಿ ನಿಲಯಕ್ಕೆ ನಾ. ಕಸ್ತೂರಿ ಸೂಚಿಸಿದರೆನ್ನುವ ‘ಆಕಾಶವಾಣಿ’ ಮುಂದೆ ಇಡೀ ದೇಶದ ರೇಡಿಯೋದ ಹೆಸರಾಯಿತು. ರೇಡಿಯೋ ಅಂದೂ ಇಂದೂ ದನಿಯ ಯಂತ್ರವಾದ್ದರಿಂದ ಹೆಸರು ಹಳತಾಗಲಿಲ್ಲ.

‘ಫಲಕ’ ಎಂಬ ಸಲಹೆಯೂ ಉಂಟು: ಸ್ಪರ್ಶಫಲಕ. ಇದಕ್ಕೆ ನನ್ನ ವೃತ್ತಿಯ ಆಕ್ಷೇಪವಿದೆ. ಫಲಕ ಎಂದರೆ ಗೋಡೆಗೆ ಮೊಳೆ ಹೊಡೆದು ನಿಲ್ಲಿಸುವಂಥದ್ದು, ಕಿಸೆಯಲ್ಲಿ ಒಯ್ಯುವಂಥದ್ದಲ್ಲ.

ಈ ಊರುಗಳಲ್ಲಿ ಹೆಸರು ಹುಡುಕುವವರು ಮೂಡುಬಿದಿರೆಯ ಬಸದಿಗಳ ಕಡೆ ಒಮ್ಮೆ ನೋಡಲೇಬೇಕು. ಕೈಯಲ್ಲಿ ಹಿಡಿದು ಓದುವ ಹಲಗೆಯಂಥ ವಸ್ತು ಅಲ್ಲಿ ಶತಮಾನಗಳಿಂದ ಇದೆ. ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳ ತಾಳೆಗರಿ ಪ್ರತಿಗಳು ಪ್ರಾಕೃತ ಮತ್ತು ಸಂಸ್ಕೃತ ಭಾಷೆಯವು, ಬರೆದದ್ದು ಹಳಗನ್ನಡ ಲಿಪಿಯಲ್ಲಿ. ಗರಿಯನ್ನು ಹದಮಾಡಿ ಒಂದೇ ಅಳತೆಗೆ ಕತ್ತರಿಸಿ, ‘ಕಂಠ’ ಎಂಬ ಕಬ್ಬಿಣದ ಮೊನೆಯಿಂದ ಅಕ್ಷರ ಕೊರೆದು, ಮಸಿ ಸವರಿ ಒರೆಸಿದರೆ ಕೊರೆದ ಗೆರೆಯಲ್ಲಿ ಮಾತ್ರ ಕಪ್ಪು ಉಳಿಯುತ್ತದೆ. ಬ್ರಶ್ಶಿನವನಾದ ನನಗೆ ಆ ಸಾಲುಗಳ ಸಮತೂಕ ನೋಡಿದರೆ ಹೊಟ್ಟೆಕಿಚ್ಚು. ಘಟ್ಟದ ಮೇಲೆ ಶೃಂಗೇರಿ ಮಠದಲ್ಲಿ ಕಡತಗಳಿವೆ. ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲಿನ ಕಪ್ಪು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಪುಸ್ತಕ ಅದು. ಬಳಪದಲ್ಲಿ ಬರೆಯಬಹುದು, ಬೇಡವೆಂದರೆ ಒರೆಸಿ ಇನ್ನೊಮ್ಮೆ ಬರೆಯಬಹುದು. ಲೆಕ್ಕದವರು, ವರ್ತಕರು ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದರು.

ಅಳಿಸಿ ಬರೆಯುವ, ಹೊತ್ತು ತಿರುಗುವ ಈ ‘ಕಡತ’ವೇ ಟ್ಯಾಬಿಗೆ ಸರಿಯಾದ ಹೆಸರಲ್ಲವೇ ಎಂದು ನನಗೂ ಆಸೆಯಾದದ್ದುಂಟು. ಐಸ್‌ಲ್ಯಾಂಡಿನವರು ದಾರ ಎಂಬ ಅರ್ಥದ ಹಳೆಯ ಪದವೊಂದನ್ನು ಎಬ್ಬಿಸಿ ಟೆಲಿಫೋನಿಗೆ ‘ಸೀಮಿ’ ಎಂದು ಇಟ್ಟಿದ್ದಾರೆ, ತಂತಿ ಹೋದ ಮೇಲೂ ಅದೇ ಹೆಸರು ನಡೆಯುತ್ತಿದೆ. ಆದರೆ ನಮ್ಮ ‘ಕಡತ’ ನಿದ್ದೆಯಲ್ಲಿಲ್ಲ. ತಾಲೂಕು ಕಚೇರಿಯಲ್ಲಿ ಅದು ದಿನಾ ದುಡಿಯುತ್ತಿದೆ. ‘ಕಡತ ವಿಲೇವಾರಿ’ ಎಂದು ಬರೆದರೆ ಜನ ಫೈಲನ್ನೇ ನೆನೆಯುತ್ತಾರೆ.

ಇನ್ನು ಬೀದಿಯ ಮಾತು. ನಮ್ಮಲ್ಲಿ ಹಳೆಯದು ‘ಕೀಪ್ಯಾಡ್ ಸೆಟ್’, ಹೊಸದು ‘ಟಚ್’. “ಅಮ್ಮನಿಗೆ ಟಚ್ ಬೇಡ, ಕೀಪ್ಯಾಡ್ ಸಾಕು” ಎಂಬ ಮಾತು ಯಾವ ಅಂಗಡಿಯಲ್ಲೂ ಕೇಳಬಹುದು. ತಮಾಷೆಗೆ ‘ಉಜ್ಜುವ ಮೊಬೈಲು’ ಅನ್ನುವವರೂ ಇದ್ದಾರೆ. ಪಂಡಿತರು ನಗಬಹುದು, ಆದರೆ ಜನ ಇಲ್ಲಿ ಸರಿಯಾದ ಗುಣವನ್ನೇ ಹಿಡಿದಿದ್ದಾರೆ: ಕೆಲಸ ಯಾವುದಾದರೂ ಇರಲಿ, ಮುಟ್ಟುವ ಪರದೆ ಅದರ ಗುರುತು. ಬೇರೆ ಭಾಷೆಯವರು ಇನ್ನೊಂದು ಗುಣವನ್ನು ಹಿಡಿದಿದ್ದಾರೆ. ತಮಿಳರ ‘ಕೈಪೇಸಿ’, ಜರ್ಮನರ ‘ಹ್ಯಾಂಡಿ’, ಕೈಯಂತ್ರ ಎಂಬರ್ಥದ ಚೀನೀಯರ ‘ಶೌಜಿ’, ಮೂರರಲ್ಲೂ ಕೈ ಇದೆ.

ಕೈಯನ್ನೂ ಪರದೆಯನ್ನೂ ಸೇರಿಸಲು ಕನ್ನಡದಲ್ಲಿ ದಾರಿ ಆಗಲೇ ಸಿದ್ಧವಿದೆ. ಸಿನಿಮಾ ಬೆಳ್ಳಿತೆರೆಯಾಯಿತು, ಟಿ.ವಿ. ಕಿರುತೆರೆಯಾಯಿತು. ಪತ್ರಿಕೆಯವರು ಬಿಡದೆ ಬರೆದದ್ದರಿಂದ ಎರಡೂ ಊರ್ಜಿತವಾದವು. ಆ ಸಾಲಿನಲ್ಲಿ ಮೂರನೆಯದು ‘ಕೈತೆರೆ’. ಕೈತೋಟ, ಕೈತುತ್ತು ಇರುವ ಭಾಷೆಯಲ್ಲಿ ಇದರ ಸಂಧಿಗೆ ಯಾರೂ ತಕರಾರು ಎತ್ತಲಾರರು. ಕೈತೆರೆಯನ್ನು, ಕೈತೆರೆಯಲ್ಲಿ, ಕೈತೆರೆಗಳಿಗೆ ಎಂದು ವಿಭಕ್ತಿ ಸಲೀಸಾಗಿ ಹತ್ತುತ್ತದೆ. ಮೂರೇ ಅಕ್ಷರ, ಒತ್ತಕ್ಷರವಿಲ್ಲ. ದೂರದಿಂದ ಓದುವ ಬೋರ್ಡಿಗೆ ಇದಕ್ಕಿಂತ ಅನುಕೂಲದ ಪದ ನನಗೆ ಸಿಕ್ಕಿಲ್ಲ. ಮೊಬೈಲು, ಟ್ಯಾಬು, ಪರದೆಯ ಕೈಗಡಿಯಾರ ಎಲ್ಲವೂ ಇದರೊಳಗೆ ಬರುತ್ತವೆ. ಅಜ್ಜರ ಕಿವಿಯ ಯಂತ್ರ ಹೊರಗೆ ಉಳಿಯುತ್ತದೆ.

ಇದರಿಂದ ಮೊಬೈಲನ್ನು ಮೊಬೈಲ್ ಅನ್ನಬಾರದು ಎಂದಾಗುವುದಿಲ್ಲ. ಮಾವು, ಹಲಸು ಎಂಬ ಹೆಸರಿದ್ದರೂ ಹಣ್ಣು ಎಂಬ ಪದ ಬೇಕಲ್ಲ, ಅಷ್ಟೇ. ಬಿಡಿ ವಸ್ತುವಿಗೆ ಜನ ಇಟ್ಟ ಹೆಸರು ಹಾಗೇ ಇರಲಿ, ಇಡೀ ಗುಂಪಿಗೆ ಒಂದು ಹೆಸರು ಇರಲಿ. ಶಾಲೆಯವರು, ದೇವಸ್ಥಾನದವರು, ಸಹಕಾರಿ ಸಂಘದವರು ಮುಂದಿನ ಸೂಚನಾ ಫಲಕ ಬರೆಸುವಾಗ ‘ಕೈತೆರೆ ನಿಷೇಧ’ ಎಂದು ದೊಡ್ಡದಾಗಿ ಹಾಕಿ, ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ‘ಮೊಬೈಲ್, ಟ್ಯಾಬ್, ಸ್ಮಾರ್ಟ್‌ವಾಚ್’ ಎಂದು ಬರೆಸಿ ನೋಡಿ. ಓದುವವರಿಗೆ ಪದ ಪಳಗಿದ ಮೇಲೆ ಕೆಳಗಿನ ಸಾಲನ್ನು ತೆಗೆಸಬಹುದು. ಇದಕ್ಕಿಂತ ಒಳ್ಳೆಯ ಪದ ನಿಮ್ಮಲ್ಲಿದ್ದರೆ ಅದನ್ನೇ ಬರೆಸಿ, ‘ಇತ್ಯಾದಿ’ಯನ್ನು ಮಾತ್ರ ಬರೆಸಬೇಡಿ.